ತೀರ ಸಮೀಪದ ಮೀನುಗಾರಿಕೆಗೆ ದೋಣಿಯ ಆಯ್ಕೆ

ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಗದ್ದೆಯೂ ಉಂಟು, ಕಡಲೂ ಉಂಟು. ಮಳೆಗಾಲದಲ್ಲಿ ಅರ್ಧ ಎಕರೆ, ಒಂದು ಎಕರೆ ಭತ್ತದ ಬೇಸಾಯ, ಮನೆಯ ಸುತ್ತ ಹತ್ತಿಪ್ಪತ್ತು ತೆಂಗಿನ ಮರ, ಕಡಲು ಶಾಂತವಾದ ಮೇಲೆ ಕಂತಬಲೆ ಅಥವಾ ಕೈರಂಪಣಿಯ ಮೀನುಗಾರಿಕೆ, ಹೀಗೆ ವರ್ಷದ ದುಡಿಮೆ ಹಂಚಿಹೋಗಿರುತ್ತದೆ. ಉಳ್ಳಾಲದಿಂದ ಕಾರವಾರದವರೆಗೆ ಸುಮಾರು 300 ಕಿಲೋಮೀಟರಿಗೂ ಹೆಚ್ಚು ಉದ್ದದ ತೀರದಲ್ಲಿ ಇಂತಹ ಮನೆಗಳು ಎಲ್ಲ ಊರುಗಳಲ್ಲಿಯೂ ಕಾಣಸಿಗುತ್ತವೆ. ಬಿತ್ತನೆ ಬೀಜದ ಬಗ್ಗೆ ಕೇಳಲು ನಮ್ಮ ಬಳಿಗೆ ಬರುವ ರೈತ ಬಾಂಧವರು ಮಾತಿನ ಕೊನೆಯಲ್ಲಿ, “ಒಂದು ದೋಣಿ ಮಾಡಬೇಕೆಂದಿದ್ದೇನೆ, ಯಾವುದು ಒಳ್ಳೆಯದು?” ಎಂದು ವಿಚಾರಿಸುವುದುಂಟು.

ಈ ಲೇಖಕ ಬೇಸಾಯಶಾಸ್ತ್ರದವನು, ದೋಣಿ ಕಟ್ಟುವವನಲ್ಲ. ಆದರೆ ಕಡಲ ದಡದ ಮನೆಯಲ್ಲಿ ಹುಟ್ಟಿ ಬೆಳೆದುದರಿಂದ ಒಂದು ವಿಷಯವನ್ನು ಹತ್ತಿರದಿಂದ ಕಂಡಿದ್ದೇನೆ. ಗದ್ದೆ ನೋಡದೆ ಟ್ರ್ಯಾಕ್ಟರ್ ಕೊಂಡವನ ಪಾಡು ಏನಾಗುವುದೋ, ದಡ ನೋಡದೆ ದೋಣಿ ಕೊಂಡವನ ಪಾಡೂ ಅದೇ ಆಗುತ್ತದೆ. ಬೈಲು ಗದ್ದೆಯ ಕಿರಿದಾದ ಅಂಚಿನಲ್ಲಿ ಪವರ್ ಟಿಲ್ಲರ್ ಹೋಗುತ್ತದೆ, ದೊಡ್ಡ ಟ್ರ್ಯಾಕ್ಟರ್ ಹೋಗುವುದಿಲ್ಲ. ದೋಣಿಯ ಉದ್ದ, ಇಂಜಿನ್ನಿನ ಶಕ್ತಿ, ಬೆಲೆ ಇವೆಲ್ಲ ಆಮೇಲಿನ ಮಾತು. ದೋಣಿ ಯಾವ ದಡದಿಂದ ಹೊರಡಬೇಕು, ಯಾವ ದಡಕ್ಕೆ ಮರಳಬೇಕು, ಅದನ್ನು ಎಳೆಯಲು ಕೈಗಳೆಷ್ಟು ಎಂಬುದೇ ಮೊದಲ ಪ್ರಶ್ನೆ.

ಒಂದು ಮನೆಯ ಅನುಭವ

ನಾನು ಪಿ.ಯು.ಸಿ. ಓದುತ್ತಿದ್ದಾಗ ನಮ್ಮ ಚಿಕ್ಕಪ್ಪ ಸುಮಾರು 10 ಮೀಟರ್ ಉದ್ದದ ಹಲಗೆ ದೋಣಿಯೊಂದನ್ನು ಎರಡನೇ ಕೈಯಲ್ಲಿ ಕೊಂಡರು. ತೆಂಗಿನ ತೋಟದ ಮೇಲೆ ಸಾಲ ತೆಗೆದಿದ್ದರು. ದೋಣಿ ಗಟ್ಟಿಯಾಗಿತ್ತು, ಬೆಲೆಯೂ ನ್ಯಾಯವಾಗಿತ್ತು. ಅದು ಬಂದರಿನಲ್ಲಿ ಕಟ್ಟುವ ದೋಣಿ, ನಮ್ಮದು ಬಂದರಿಲ್ಲದ ಬಯಲು ಮರಳ ದಡ. ದೋಣಿ ಬಂದ ದಿನ ಹಿರಿಯರೊಬ್ಬರು ಅದರ ಸುತ್ತ ಒಂದು ಸುತ್ತು ಬಂದು, “ಎಳೂಕೆ ಜನ ಎಷ್ಟ್ ಇತ್ತ್ ಅಂದೇಳಿ ಮೊದ್ಲ್ ಎಣ್ಸಿ” ಎಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ವರ್ಷ ಕೇರಿಯ ಹುಡುಗರೆಲ್ಲ ಕೈಗೂಡಿಸಿದರು. ಮೂರನೆಯ ವರ್ಷಕ್ಕೆ ಅವರಲ್ಲಿ ಅರ್ಧ ಜನ ಮುಂಬಯಿಗೂ ದೊಡ್ಡ ಬೋಟುಗಳಿಗೂ ಹೋಗಿದ್ದರು. ದಡಕ್ಕೆ ಎಳೆಯಲಾಗದೆ ದೋಣಿಯನ್ನು ಅಳಿವೆಯ ಒಳಗೆ ಹೊಳೆಯಲ್ಲಿ ಲಂಗರು ಹಾಕಿ ನಿಲ್ಲಿಸತೊಡಗಿದರು. ಹೀಗಾಗಿ ದಿನಕ್ಕೆ ಎರಡು ಬಾರಿ ಅಳಿವೆಯನ್ನು ದಾಟುವುದು ಅನಿವಾರ್ಯವಾಯಿತು. ಒಂದು ಅಕ್ಟೋಬರ್ ಸಂಜೆ, ಇಳಿತದ ಹೊತ್ತಿನಲ್ಲಿ, ಮರಳ ದಿಬ್ಬದ ಮೇಲೆ ಎದ್ದ ತೆರೆ ದೋಣಿಯನ್ನು ಅಡ್ಡ ತಿರುಗಿಸಿ ಮಗುಚಿತು. ಒಳಗಿದ್ದ ಐವರೂ ಈಜಿ ದಡ ಸೇರಿದರು, ಒಬ್ಬರ ಕಾಲು ಮುರಿಯಿತು. ದೋಣಿ ಎರಡು ದಿನಗಳಲ್ಲಿ ಒಡೆದು ಹಲಗೆಯಾಯಿತು. ಸಾಲ ತೀರಿಸಲು ಮನೆಯ ಕೆಳಗಿನ ಬೈಲು ಗದ್ದೆಯನ್ನು ಮಾರಬೇಕಾಯಿತು. ನಾನು ಮೊದಲು ನೇಗಿಲು ಹಿಡಿದದ್ದು ಅದೇ ಗದ್ದೆಯಲ್ಲಿ.

ಈ ಲೇಖನದ ಸಲಹೆಗಳನ್ನು ಓದುವಾಗ ಆ ಗದ್ದೆಯನ್ನು ನೆನಪಿನಲ್ಲಿಡಿ. ದೋಣಿ ತಪ್ಪಿದರೆ ಹೋಗುವುದು ದೋಣಿಯೊಂದೇ ಅಲ್ಲ.

1. ಮೊದಲು ದಡವನ್ನು ಪರೀಕ್ಷಿಸಿ

ನಮ್ಮ ಕರಾವಳಿಯಲ್ಲಿ ದೋಣಿ ಇಳಿಸುವ ಸ್ಥಳಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ಬಂದರು ಅಥವಾ ಜೆಟ್ಟಿ: ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರದಂತಹ ಸ್ಥಳಗಳು. ಇಲ್ಲಿ ದೋಣಿ ನೀರಿನಲ್ಲಿಯೇ ನಿಲ್ಲುವುದರಿಂದ ಭಾರ ಮುಖ್ಯ ಸಮಸ್ಯೆಯಲ್ಲ. ಆದರೆ ದೊಡ್ಡ ಬೋಟುಗಳ ನಡುವೆ ಸಣ್ಣ ದೋಣಿ ತಾಕಿ ಸೀಳದಂತೆ ಕಟ್ಟಲು ಜಾಗ ಇದೆಯೇ ಎಂದು ನೋಡಬೇಕು.

(ಆ) ಅಳಿವೆಯ ಒಳಭಾಗ: ಹೊಳೆಯೊಳಗೆ ದೋಣಿ ಕಟ್ಟಿ, ಅಳಿವೆಯ ಮೂಲಕ ಕಡಲಿಗೆ ಹೋಗುವುದು. ಹೊಳೆಯಲ್ಲಿ ನೀರು ಶಾಂತವಾಗಿದ್ದರೂ ಅಳಿವೆಯ ಬಾಯಿಯಲ್ಲಿ ಮರಳ ದಿಬ್ಬ ಇರುತ್ತದೆ. ಪ್ರತಿ ಮಳೆಗಾಲದ ನಂತರ ಈ ದಿಬ್ಬವೂ ಆಳದ ದಾರಿಯೂ ಸ್ಥಳ ಬದಲಿಸುತ್ತವೆ. ಕಳೆದ ವರ್ಷದ ದಾರಿಯನ್ನು ನಂಬಿ ಈ ವರ್ಷ ದೋಣಿ ನಡೆಸಬಾರದು.

(ಇ) ಬಯಲು ಮರಳ ದಡ: ತೆರೆ ಒಡೆಯುವ ಜಾಗದಲ್ಲಿಯೇ ದೋಣಿ ಇಳಿಸಿ, ಅಲ್ಲಿಯೇ ಮರಳಿ ಎಳೆದುಕೊಳ್ಳುವುದು. ಇಲ್ಲಿ ದೋಣಿಯ ಭಾರ ಮತ್ತು ಆಕಾರ ಎರಡೂ ಅತಿ ಮುಖ್ಯ.

ತೆರೆ ಎಲ್ಲಿ ಒಡೆಯುವುದೆಂಬುದಕ್ಕೆ ಒಂದು ಲೆಕ್ಕವಿದೆ. ನೀರಿನ ಆಳ ತೆರೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ತೆರೆ ಮುರಿಯುತ್ತದೆ. ಒಂದು ಮೀಟರ್ ಎತ್ತರದ ತೆರೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತದೆ. ಉಬ್ಬರದಲ್ಲಿ ದಿಬ್ಬದ ಮೇಲೆ 2 ಮೀಟರ್ ನೀರಿದ್ದಾಗ ಸುಮ್ಮನೆ ಹಾದುಹೋಗುವ ಅದೇ ತೆರೆ, ಇಳಿತದಲ್ಲಿ ಅಲ್ಲಿಯೇ ಬಾಯಿ ತೆರೆಯುತ್ತದೆ. ಇದರ ಜೊತೆಗೆ ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ಓಡುತ್ತ ಒಳಬರುವ ತೆರೆಗೆ ಎದುರಾಗುವುದರಿಂದ ತೆರೆ ಇನ್ನಷ್ಟು ಕಡಿದಾಗಿ ಎದ್ದು ನಿಲ್ಲುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಸೆಳೆತ ಹೆಚ್ಚು. ಆದುದರಿಂದ ಅಳಿವೆಯೊಳಗೆ ಬರಲು ಉಬ್ಬರದ ಹೊತ್ತೇ ಯೋಗ್ಯ. ನಿಮ್ಮ ಮೀನುಗಾರಿಕೆಯ ಸಮಯ ಉಬ್ಬರಕ್ಕೆ ಹೊಂದಿಕೊಳ್ಳುವುದೇ ಎಂದು ಮೊದಲೇ ಯೋಚಿಸಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎಂಬುದನ್ನು ಮರೆಯಬಾರದು.

ದೋಣಿ ಕೊಳ್ಳುವ ಮೊದಲು ಕನಿಷ್ಠ ಹದಿನೈದು ದಿನ, ಉಬ್ಬರದಲ್ಲಿಯೂ ಇಳಿತದಲ್ಲಿಯೂ ನಿಮ್ಮ ದಡದಲ್ಲಿ ನಿಂತು ನೋಡಿ. ಅಲ್ಲಿ ಈಗಾಗಲೇ ನಡೆಯುತ್ತಿರುವ ದೋಣಿಗಳು ಎಷ್ಟು ಉದ್ದದವು, ಯಾವ ಆಕಾರದವು, ಎಷ್ಟು ಜನ ಎಳೆಯುತ್ತಾರೆ ಎಂದು ಬರೆದುಕೊಳ್ಳಿ. ಒಂದು ದಡದಲ್ಲಿ ತಲೆಮಾರುಗಳಿಂದ ಉಳಿದುಬಂದ ದೋಣಿಯ ಆಕಾರ ಆ ದಡದ ತೆರೆಯೇ ಕಲಿಸಿಕೊಟ್ಟದ್ದು.

2. ಎಳೆಯುವ ಕೈಗಳನ್ನು ಎಣಿಸಿ

ಬರಿ ಮರಳಿನ ಮೇಲೆ ದೋಣಿಯನ್ನು ಎಳೆಯಲು ಅದರ ಭಾರದ ಸುಮಾರು ಅರ್ಧದಷ್ಟು ಎಳೆತ ಬೇಕು. ದಡ ಏರಾಗಿದ್ದರೆ ಇನ್ನೂ ಹೆಚ್ಚು. ಒಬ್ಬ ಆರೋಗ್ಯವಂತ ಆಳು ಕಾಲು ಜಾರುವ ಮರಳಿನಲ್ಲಿ ನಿಂತು 30 ಕಿಲೋದಷ್ಟು ಎಳೆಯಬಲ್ಲನೆಂದು ಇಟ್ಟುಕೊಳ್ಳೋಣ. ಆಗ ಸ್ಥೂಲ ಲೆಕ್ಕ ಹೀಗಾಗುತ್ತದೆ:

ದೋಣಿಯ ಭಾರ 400 ಕಿಲೋ: ಬೇಕಾದ ಎಳೆತ 200 ಕಿಲೋ, ಸುಮಾರು 7 ಜನ.
ದೋಣಿಯ ಭಾರ 1,200 ಕಿಲೋ: ಬೇಕಾದ ಎಳೆತ 600 ಕಿಲೋ, ಸುಮಾರು 20 ಜನ.

ಇಂಜಿನ್, ಬಲೆ ಮತ್ತು ಮೀನನ್ನು ಮೊದಲು ಇಳಿಸಿಕೊಂಡು, ದೋಣಿಯ ಕೆಳಗೆ ಅಡ್ಡಮರ ಅಥವಾ ಉರುಳು ಕೊಟ್ಟರೆ ಜನ ಕಡಿಮೆ ಸಾಕು. ಆದರೂ ಅವಸರದ ದಿನದ ಲೆಕ್ಕವನ್ನೇ ಹಿಡಿಯಬೇಕು. ಗಾಳಿ ಎದ್ದ ಸಂಜೆ ಉರುಳು ಹುಡುಕಲು ಸಮಯವಿರುವುದಿಲ್ಲ.

ಈ ಕೈಗಳು ವರ್ಷದುದ್ದಕ್ಕೂ ಇರುತ್ತವೆಯೇ ಎಂದೂ ನೋಡಿ. ಕಡಲು ಶಾಂತವಾಗುವ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳೇ ಮುಂಗಾರು ಭತ್ತದ ಕೊಯ್ಲಿನ ಕಾಲ. ಅದೇ ಜನ ಗದ್ದೆಗೂ ಬೇಕು, ದೋಣಿಗೂ ಬೇಕು. ಹಿಂದೆ ರಂಪಣಿ ಬಲೆಗೆ ಹತ್ತಾರು ಜನ ಒಟ್ಟಾಗಿ ದುಡಿದು ಪಾಲು ಹಂಚಿಕೊಳ್ಳುತ್ತಿದ್ದರು. 1975-76ರ ಸುಮಾರಿಗೆ ಪರ್ಸೀನ್ ಬೋಟುಗಳು ನಮ್ಮ ಕರಾವಳಿಗೆ ಬಂದ ಮೇಲೆ ಆ ವ್ಯವಸ್ಥೆ ಬಹುಬೇಗ ಕುಗ್ಗಿತು. ಇಂದು ದಡದಲ್ಲಿ ಕೂಗಿದರೆ ಓಡಿ ಬರುವ ಜನರಿಲ್ಲ. ಮನೆಯವರು ಮತ್ತು ಖಾಯಂ ಪಾಲುದಾರರು ಎಷ್ಟಿದ್ದಾರೋ ಅಷ್ಟೇ ಜನರನ್ನು ಲೆಕ್ಕಕ್ಕೆ ಹಿಡಿಯಿರಿ.

3. ಬಲೆಗೆ ತಕ್ಕ ದೋಣಿ

ಯಾವ ಮೀನು, ಯಾವ ಬಲೆ ಎಂಬುದು ಎರಡನೆಯ ಪ್ರಶ್ನೆ. ಹೊಳೆಬಾಯಿಯಲ್ಲಿ ಬೀಸುಬಲೆ, ಗಾಳ, ಏಡಿಬಲೆ ಹಾಕುವವರಿಗೆ ಇಬ್ಬರು ನಡೆಸುವ ಸಣ್ಣ ಪಾತಿಯೇ ಸಾಕು. ಇದನ್ನು ತೆರೆಯಿರುವ ಕಡಲಿಗೆ ಒಯ್ಯಬಾರದು. ಬಂಗಡೆ, ಬೂತಾಯಿ, ಕಾಣೆ, ಕೊಡ್ಡಾಯಿಗಳಿಗೆ ಕಂತಬಲೆ ಬಿಡುವವರಿಗೆ ಮೂರು ನಾಲ್ಕು ಜನರ, ಸುಮಾರು 6ರಿಂದ 7.5 ಮೀಟರ್ ಉದ್ದದ ದೋಣಿ ಸೂಕ್ತ. ಕೈರಂಪಣಿಯಲ್ಲಿ ದೋಣಿ ಬಲೆಯನ್ನು ಸುತ್ತುಬಿಟ್ಟು ಬಂದರೆ ಸಾಕು, ಎಳೆಯುವುದು ದಡದಿಂದ. ಆದುದರಿಂದ ಅಲ್ಲಿ ವೇಗಕ್ಕಿಂತ ಬಲೆ ಹರಡಲು ಅನುಕೂಲವಾದ ಅಗಲ ಮುಖ್ಯ.

ಬಲೆ ಎಳೆಯುವಾಗ ಎಲ್ಲರೂ ಒಂದೇ ಬದಿಗೆ ನಿಲ್ಲುತ್ತಾರೆ. ಆಗ ದೋಣಿ ಎಷ್ಟು ವಾಲುತ್ತದೆ ಎಂದು ಕೊಳ್ಳುವ ಮೊದಲು ಪರೀಕ್ಷಿಸಬೇಕು. ಸೊಂಟದ ಮಟ್ಟದ ನೀರಿನಲ್ಲಿ ದೋಣಿ ನಿಲ್ಲಿಸಿ ನಿಮ್ಮ ತಂಡದವರೆಲ್ಲ ಒಂದು ಬದಿಯ ಅಂಚಿಗೆ ನಿಲ್ಲಿ. ಅಂಚಿನಿಂದ ನೀರು ಒಳಬರುವಂತಿದ್ದರೆ ಆ ದೋಣಿ ನಿಮ್ಮ ಬಲೆಗೆ ಆಗದು. ಉತ್ತರ ಕನ್ನಡದ ಕೆಲವೆಡೆ ಕಿರಿದಾದ ದೋಣಿಗೆ ಒಂದು ಬದಿಯಲ್ಲಿ ಮರದ ತೇಲುದಿಮ್ಮಿ ಕಟ್ಟುವುದು ಈ ವಾಲುವಿಕೆಯನ್ನು ತಡೆಯಲಿಕ್ಕಾಗಿಯೇ.

4. ಆಕಾರ

ನಮ್ಮ ಹಿರಿಯರ ದೋಣಿಗಳಿಗೆ ಎರಡೂ ತುದಿ ಚೂಪು. ತೆರೆಯೊಂದಿಗೆ ದಡಕ್ಕೆ ಬರುವಾಗ ಹಿಂದಿನಿಂದ ಬಂದ ತೆರೆಯನ್ನು ಚೂಪಾದ ಹಿಂತುದಿ ಸೀಳಿ ಎರಡು ಬದಿಗೆ ಬಿಡುತ್ತದೆ. ಚಪ್ಪಟೆ ಹಿಂಬದಿಯ ದೋಣಿಗೆ ಇಂಜಿನ್ ಕೂರಿಸುವುದು ಸುಲಭ, ಒಳಜಾಗವೂ ಹೆಚ್ಚು. ಆದರೆ ಅದೇ ತೆರೆ ಚಪ್ಪಟೆ ಹಲಗೆಗೆ ಬಡಿದು ದೋಣಿಯನ್ನು ಮುಂದಕ್ಕೆ ನೂಕಿ ಅಡ್ಡ ತಿರುಗಿಸುತ್ತದೆ, ಇಲ್ಲವೇ ಹಿಂದಿನಿಂದ ಒಳನುಗ್ಗುತ್ತದೆ. ಆದುದರಿಂದ ಬಂದರು ಮತ್ತು ಶಾಂತ ಹೊಳೆಗೆ ಚಪ್ಪಟೆ ಹಿಂಬದಿ ಆಗಬಹುದು. ಬಯಲು ದಡಕ್ಕೆ ಎರಡು ತುದಿ ಚೂಪಾದ, ಮುಂತುದಿ ಎತ್ತರವಿರುವ ದೋಣಿಯೇ ಉತ್ತಮ. ಇದಕ್ಕೆ ಇಂಜಿನ್ನನ್ನು ಪಕ್ಕದ ಚೌಕಟ್ಟಿಗೆ ಅಥವಾ ಹಿಂಬದಿಯ ಬಾವಿಯಂತಹ ತೂತಿಗೆ ಕೂರಿಸಬಹುದು.

ಬಯಲು ದಡದ ಸಮಸ್ಯೆ ನಮ್ಮೊಬ್ಬರದೇ ಅಲ್ಲ. 1979ರಲ್ಲಿ ಆರಂಭವಾದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಂಗಾಳಕೊಲ್ಲಿ ಯೋಜನೆಯವರು ಪೂರ್ವ ಕರಾವಳಿಗಾಗಿ ದಡದಲ್ಲಿ ಇಳಿಯುವ ಇಂಜಿನ್ ದೋಣಿಗಳನ್ನು ರೂಪಿಸಲು 1980ರ ದಶಕದಲ್ಲಿ ಬಹಳ ಶ್ರಮಪಟ್ಟರು. ತೆರೆ ದಾಟುವುದು, ಮರಳಿಗೆ ತಾಗಿದಾಗ ಪ್ರೊಪೆಲರ್ ಮೇಲೆತ್ತುವುದು, ದಡಕ್ಕೆ ಎಳೆಯುವುದು ಇವೇ ಅವರ ಮುಂದಿದ್ದ ಮುಖ್ಯ ಪ್ರಶ್ನೆಗಳು. ನುರಿತ ದೋಣಿ ತಜ್ಞರೂ ದಡದಿಂದಲೇ ಲೆಕ್ಕ ಆರಂಭಿಸಿದರು.

5. ಭಾರ ಹೊರುವ ಶಕ್ತಿ: ನೀವೇ ಮಾಡಬಹುದಾದ ಲೆಕ್ಕ

ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಮತ್ತು ಅಗಲವನ್ನು ಮೀಟರಿನಲ್ಲಿ ಅಳೆಯಿರಿ. ಎರಡನ್ನೂ ಗುಣಿಸಿ, ಬಂದುದನ್ನು 0.7ರಿಂದ ಗುಣಿಸಿ (ತುದಿಗಳು ಚೂಪಾಗಿರುವುದರಿಂದ), ಮತ್ತೆ 10ರಿಂದ ಗುಣಿಸಿ. ದೋಣಿಯನ್ನು ಒಂದು ಸೆಂಟಿಮೀಟರ್ ಮುಳುಗಿಸಲು ಬೇಕಾದ ಭಾರ ಸುಮಾರಾಗಿ ಕಿಲೋಗಳಲ್ಲಿ ಸಿಗುತ್ತದೆ.

ಉದಾಹರಣೆ: ಉದ್ದ 6.5 ಮೀಟರ್, ಅಗಲ 1.4 ಮೀಟರ್. ಲೆಕ್ಕ ಮಾಡಿದರೆ ಸುಮಾರು 64 ಕಿಲೋ. ಉಪ್ಪುನೀರು ಸಿಹಿನೀರಿಗಿಂತ ತುಸು ಭಾರವಾದುದರಿಂದ 65 ಕಿಲೋ ಎಂದು ಹಿಡಿಯೋಣ. ಈಗ ನಾಲ್ಕು ಜನ 240 ಕಿಲೋ, ಇಂಜಿನ್ ಮತ್ತು ಇಂಧನ 60, ಒದ್ದೆ ಬಲೆ 150, ಮೀನು ಮತ್ತು ಮಂಜುಗಡ್ಡೆ 250, ಒಟ್ಟು 700 ಕಿಲೋ. ದೋಣಿ ಸುಮಾರು 11 ಸೆಂ.ಮೀ. ಕೆಳಗಿಳಿಯುತ್ತದೆ. ಬೂತಾಯಿ ಹೇರಳವಾಗಿ ಸಿಕ್ಕಿ 800 ಕಿಲೋ ಮೀನು ತುಂಬಿದಿರಿ ಎನ್ನೋಣ. ಒಟ್ಟು 1,250 ಕಿಲೋ ಆಗಿ ದೋಣಿ 19 ಸೆಂ.ಮೀ. ಇಳಿಯುತ್ತದೆ. ಬರಿದಾಗಿದ್ದಾಗ ನೀರಿನಿಂದ ಅಂಚಿನವರೆಗೆ ಅತಿ ತಗ್ಗಿನಲ್ಲಿ 50 ಸೆಂ.ಮೀ. ಇದ್ದರೆ ಈಗ ಉಳಿದದ್ದು 31 ಸೆಂ.ಮೀ. ತುಂಬಿದ ದೋಣಿಗೆ 30 ಸೆಂ.ಮೀ.ಗಿಂತ ಕಡಿಮೆ ಅಂಚು ಉಳಿಯಬಾರದೆಂದು ನನ್ನ ಸಲಹೆ. ಅಂದರೆ ಇದಕ್ಕಿಂತ ಒಂದು ಬುಟ್ಟಿಯೂ ಹೆಚ್ಚು ಹಾಕುವಂತಿಲ್ಲ.

ಲೆಕ್ಕ ಬೇಡವೆನ್ನುವವರು 50 ಕಿಲೋ ಮರಳು ತುಂಬಿದ ಚೀಲಗಳನ್ನು ಒಂದೊಂದಾಗಿ ಹೇರಿ ನೋಡಬಹುದು. ಅಂಚು 30 ಸೆಂ.ಮೀ.ಗೆ ಬಂದಾಗ ನಿಲ್ಲಿಸಿ, ನೀರಿನ ಮಟ್ಟದಲ್ಲಿ ಹೊರಗಡೆ ಬಣ್ಣದಿಂದ ಗೆರೆ ಎಳೆಯಿರಿ. ಆ ಗೆರೆ ಮುಳುಗಿದ ದಿನ ಮೀನು ಎಷ್ಟೇ ಇದ್ದರೂ ಬಲೆ ಎತ್ತುವುದನ್ನು ನಿಲ್ಲಿಸಬೇಕು.

6. ಮರವೋ, ಫೈಬರೋ?

ಮರದ ದೋಣಿಗೆ ಹೆಬ್ಬಲಸು, ಮಾವು, ಬೋಗಿ, ಸಾಗುವಾನಿ ಮುಂತಾದವು ಬಳಕೆಯಲ್ಲಿದ್ದವು. ಇವುಗಳಲ್ಲಿ ಹೆಬ್ಬಲಸು ನೀರಿನಲ್ಲಿ ಬಹುಕಾಲ ಬಾಳುತ್ತದೆ. ಮಾವು ಅಗ್ಗ, ಆದರೆ ಬೇಗ ಕೊಳೆಯುತ್ತದೆ. ಮರದ ದೋಣಿಯನ್ನು ಊರಿನ ಆಚಾರಿಯೇ ದುರಸ್ತಿ ಮಾಡಬಲ್ಲರು, ನೀರು ತುಂಬಿದರೂ ಅದು ತಳ ಸೇರುವುದಿಲ್ಲ. ಇದರ ದೊಡ್ಡ ಶತ್ರು ಉಪ್ಪುನೀರಿನ ಕೊರೆಹುಳು. ಹೊರಗೆ ಸೂಜಿಮೊನೆಯಷ್ಟು ತೂತು ಕಂಡರೂ ಒಳಗೆ ಹಲಗೆ ಜೇನುಗೂಡಿನಂತಾಗಿರುತ್ತದೆ. ದೋಣಿಯನ್ನು ಆಗಾಗ ದಡಕ್ಕೆಳೆದು ಒಣಗಿಸಿ ಗೇರು ಎಣ್ಣೆ ಅಥವಾ ಮೀನೆಣ್ಣೆ ಬಳಿಯುವುದು ಹಿಂದಿನಿಂದ ಬಂದ ಒಳ್ಳೆಯ ಪದ್ಧತಿ. ಸದಾ ನೀರಿನಲ್ಲಿಯೇ ನಿಲ್ಲುವ ಮರದ ದೋಣಿಗೆ ಆಯುಷ್ಯ ಕಡಿಮೆ. ಈಗ ಒಳ್ಳೆಯ ಮರದ ಬೆಲೆ ಏರಿ, ನುರಿತ ಆಚಾರಿಗಳೂ ವಿರಳವಾಗಿದ್ದಾರೆ.

ಫೈಬರ್ ದೋಣಿ ಹಗುರ. ಹುಳು ಹಿಡಿಯುವುದಿಲ್ಲ, ಕೊಳೆಯುವುದಿಲ್ಲ, ವರ್ಷದ ನಿರ್ವಹಣೆ ಸುಲಭ. ಬಯಲು ದಡದವರಿಗೆ ಈ ಹಗುರತನವೇ ದೊಡ್ಡ ಲಾಭ. ಆದರೆ ಮೂರು ಎಚ್ಚರಿಕೆಗಳಿವೆ. ಒಂದನೆಯದು, ಮರಳಿನ ಮೇಲೆ ದಿನವೂ ಎಳೆದರೆ ತಳ ಸವೆಯುತ್ತದೆ. ತಳದ ನಡುಗೆರೆಗೆ ಹೆಚ್ಚಿನ ಪದರ ಅಥವಾ ಬದಲಾಯಿಸಬಹುದಾದ ಮರದ ಪಟ್ಟಿ ಹಾಕಿಸತಕ್ಕದ್ದು. ಎರಡನೆಯದು, ಅಗ್ಗದ ದೋಣಿಯಲ್ಲಿ ಪದರಗಳು ಕಡಿಮೆಯಿರುತ್ತವೆ. ಬದಿಯನ್ನು ಅಂಗೈಯಿಂದ ಒತ್ತಿದಾಗ ಒಳಕ್ಕೆ ಬಾಗಿದರೆ ಕೊಳ್ಳಬೇಡಿ.

ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಫೈಬರ್ ನೀರಿಗಿಂತ ಭಾರ. ನೀರು ತುಂಬಿದರೆ ದೋಣಿ ಇಂಜಿನ್ ಸಮೇತ ಮುಳುಗುತ್ತದೆ. 400 ಕಿಲೋ ತೂಕದ ಫೈಬರ್ ದೋಣಿ ನೀರೊಳಗೆ ಸುಮಾರು 130 ಕಿಲೋದಷ್ಟು ತೂಗುತ್ತದೆ. ಇದಕ್ಕೆ ಇಂಜಿನ್ನಿನ ಭಾರ ಮತ್ತು ಅಂಚು ಹಿಡಿದು ತೇಲುವ ಜನರ ಭಾರ ಸೇರಿಸಿದರೆ ಸುಮಾರು 200 ಕಿಲೋ ಆಗುತ್ತದೆ. ಒಂದು ಲೀಟರ್ ಗಾಳಿ ಅಥವಾ ಫೋಮ್ ಸುಮಾರು ಒಂದು ಕಿಲೋ ಭಾರವನ್ನು ಎತ್ತಿಹಿಡಿಯುತ್ತದೆ. ಆದುದರಿಂದ ಇಂತಹ ದೋಣಿಗೆ 300 ಲೀಟರ್ ತೇಲುಜಾಗ ಇರಲೇಬೇಕು. ದೋಣಿ ಕಟ್ಟುವಾಗಲೇ ಅಡ್ಡಹಲಗೆಗಳ ಕೆಳಗೂ ಎರಡು ತುದಿಗಳಲ್ಲಿಯೂ ಫೋಮ್ ತುಂಬಿಸಿ ಮುಚ್ಚಿಸುವುದು ಉತ್ತಮ. ಇಲ್ಲದಿದ್ದರೆ 25 ಲೀಟರಿನ ಹನ್ನೆರಡು ಖಾಲಿ ಕ್ಯಾನುಗಳನ್ನು ಬಿಗಿಯಾಗಿ ಮುಚ್ಚಿ, ಅಡ್ಡಹಲಗೆಗಳ ಅಡಿಯಲ್ಲಿ ಎರಡು ಬದಿಗೂ ಸಮನಾಗಿ ಹಗ್ಗದಿಂದ ಬಿಗಿಯಿರಿ. ಕೀಟನಾಶಕದ ಕ್ಯಾನುಗಳನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ. ಮೀನು ತುಂಬುವ ದೋಣಿಯಲ್ಲಿ ಅವುಗಳಿಗೆ ಸ್ಥಾನವಿಲ್ಲ.

7. ಇಂಜಿನ್ ಎಷ್ಟು ಬೇಕು?

ಹೆಚ್ಚು ಅಶ್ವಶಕ್ತಿಯಿದ್ದರೆ ಹೆಚ್ಚು ವೇಗ ಎಂಬ ನಂಬಿಕೆ ಸಂಪೂರ್ಣ ಸರಿಯಲ್ಲ. ನೀರನ್ನು ಸೀಳಿ ಸಾಗುವ ಭಾರದ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿನ ಮಟ್ಟದ ಉದ್ದದ (ಮೀಟರ್) ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ತಿಳಿಯುತ್ತದೆ. 6.5 ಮೀಟರ್ ದೋಣಿಗೆ ಇದು ಸುಮಾರು 11.5 ಕಿ.ಮೀ., 9 ಮೀಟರ್ ದೋಣಿಗೆ 13.5 ಕಿ.ಮೀ. ಈ ಮಿತಿಯ ಹತ್ತಿರ ಹೋದಂತೆ ಸುಡುವ ಇಂಧನದ ಬಹುಭಾಗ ತೆರೆ ಎಬ್ಬಿಸಲು ಹೋಗುತ್ತದೆ. ವೇಗವನ್ನು ಸ್ವಲ್ಪ ತಗ್ಗಿಸಿದರೂ ಇಂಧನದಲ್ಲಿ ಗಣನೀಯ ಉಳಿತಾಯವಾಗುತ್ತದೆ.

ಇದಕ್ಕೆ ಕಾನೂನಿನ ಒಂದು ಅಂಶವೂ ಸೇರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಇಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಇದರಿಂದ ವಿನಾಯಿತಿ ಕೊಡಲಾಗುತ್ತದೆ. ಇದಕ್ಕಿಂತ ದೊಡ್ಡ ಇಂಜಿನ್ ಹಾಕಿದವರು ಈ ಅವಕಾಶ ಕಳೆದುಕೊಳ್ಳುತ್ತಾರೆ. ಆಯಾ ವರ್ಷದ ಆದೇಶವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ವಿನಾಯಿತಿ ಇದೆ ಎಂದ ಮಾತ್ರಕ್ಕೆ ಮಳೆಗಾಲದ ಕಡಲು ಸುರಕ್ಷಿತ ಎಂದರ್ಥವಲ್ಲ.

10 ಅಶ್ವಶಕ್ತಿಯ ಹೊರ ಇಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 4ರಿಂದ 5 ಲೀಟರ್ ಇಂಧನ ಬಳಸುತ್ತದೆ. ದಿನಕ್ಕೆ ಎರಡು ಗಂಟೆ ಓಡಿದರೆ ಸುಮಾರು 9 ಲೀಟರ್. ಇಂಧನವನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. 9 ಲೀಟರಿನ ಕೆಲಸಕ್ಕೆ ಹದಿಮೂರೂವರೆ ಲೀಟರ್ ಒಯ್ಯಬೇಕು. ಇಂಜಿನ್ ಎಂಥದ್ದೇ ಇರಲಿ, ಎರಡು ಹುಟ್ಟುಗಳು ದೋಣಿಯಲ್ಲಿ ಇರಲೇಬೇಕು.

ನಿಮ್ಮ ಊರಿಗೆ ಹತ್ತಿರದಲ್ಲಿ ಯಾವ ಇಂಜಿನ್ನಿನ ಬಿಡಿಭಾಗ ಮತ್ತು ಮೆಕ್ಯಾನಿಕ್ ಸಿಗುತ್ತಾರೋ ಅದನ್ನೇ ಕೊಳ್ಳಿ. ಬಂಗಡೆ ಬಂದಿರುವ ವಾರದಲ್ಲಿ ಬಿಡಿಭಾಗಕ್ಕಾಗಿ ಹತ್ತು ದಿನ ಕಾಯುವ ಇಂಜಿನ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

8. ಹಳೆಯ ದೋಣಿ ಕೊಳ್ಳುವಾಗ

ಬಣ್ಣ ಬಳಿದ ದೋಣಿಯನ್ನು ನೆರಳಿನಲ್ಲಿ ನೋಡಿ ವ್ಯಾಪಾರ ಮುಗಿಸಬಾರದು. ಹಗಲು ಬೆಳಕಿನಲ್ಲಿ, ದಡದ ಮೇಲೆ ಮಗುಚಿ ಹಾಕಿಸಿ ತಳವನ್ನು ನೋಡಿ.

ಮರದ ದೋಣಿಯಲ್ಲಿ: ನೀರಿನ ಮಟ್ಟದ ಕೆಳಗೆ, ಹಲಗೆಗಳ ಕೂಡುವಿಕೆಯಲ್ಲಿ ಮತ್ತು ಅಡ್ಡಪಟ್ಟಿಗಳ ಬುಡದಲ್ಲಿ ಚಾಕುವಿನ ಮೊನೆಯಿಂದ ಚುಚ್ಚಿ. ಮೊನೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ.

ಫೈಬರ್ ದೋಣಿಯಲ್ಲಿ: ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿಯಾದ ಕಡೆ ಟಣ್ ಎಂಬ ಸದ್ದು ಬರುತ್ತದೆ. ಮಂದವಾದ ಸದ್ದು ಬಂದಲ್ಲಿ ಪದರ ಬಿಟ್ಟುಕೊಂಡಿದೆ. ಗುಳ್ಳೆಗಳೂ ಇಂಜಿನ್ ಕೂರುವ ಜಾಗದ ಬಿರುಕುಗಳೂ ಕೆಟ್ಟ ಲಕ್ಷಣ.

ಎರಡರಲ್ಲಿಯೂ: ದೋಣಿಯನ್ನು ಒಂದು ಹಗಲು ನೀರಿನಲ್ಲಿ ನಿಲ್ಲಿಸಿ ಎಷ್ಟು ನೀರು ಒಸರಿತು ನೋಡಿ. ಇಂಜಿನ್ನನ್ನು ತಣ್ಣಗಿರುವಾಗ ನೀವೇ ಚಾಲೂ ಮಾಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟ ಇಂಜಿನ್ನಿನ ಬಗ್ಗೆ ಸಂಶಯವಿರಲಿ. ನೋಂದಣಿ ಪತ್ರ ಮಾರುವವನ ಹೆಸರಿನಲ್ಲಿಯೇ ಇದೆಯೇ, ದೋಣಿಯ ಮೇಲೆ ಸಾಲ ಬಾಕಿ ಇದೆಯೇ ಎಂದು ವಿಚಾರಿಸತಕ್ಕದ್ದು.

9. ಖರ್ಚಿನ ಲೆಕ್ಕ

ಬೆಲೆ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ದಿನಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳುವವರು ಕಡಿಮೆ. ಕೆಳಗಿನದು ಲೆಕ್ಕದ ಮಾದರಿ ಮಾತ್ರ. ಇಂದಿನ ಬೆಲೆಗಳನ್ನು ನೀವೇ ವಿಚಾರಿಸಿ ತುಂಬಿಕೊಳ್ಳಬೇಕು.

ದೋಣಿ 1,80,000 ರೂ., ಬಾಳಿಕೆ 15 ವರ್ಷ: ವರ್ಷಕ್ಕೆ 12,000 ರೂ.
ಇಂಜಿನ್ 1,20,000 ರೂ., ಬಾಳಿಕೆ 6 ವರ್ಷ: ವರ್ಷಕ್ಕೆ 20,000 ರೂ.
ಬಲೆ 60,000 ರೂ., ಬಾಳಿಕೆ 3 ವರ್ಷ: ವರ್ಷಕ್ಕೆ 20,000 ರೂ.
ದುರಸ್ತಿ: ವರ್ಷಕ್ಕೆ 18,000 ರೂ.
ಒಟ್ಟು: 70,000 ರೂ.

ವರ್ಷದಲ್ಲಿ ಕಡಲಿಗೆ ಹೋಗುವ ದಿನಗಳನ್ನು ಪ್ರಾಮಾಣಿಕವಾಗಿ ಎಣಿಸಿ. ಮಳೆಗಾಲ, ಗಾಳಿಯ ಎಚ್ಚರಿಕೆಯ ದಿನಗಳು, ನಾಟಿ, ಕೊಯ್ಲು, ಹಬ್ಬ ಎಲ್ಲ ಕಳೆದು 140 ದಿನ ಉಳಿಯಿತೆನ್ನೋಣ. ದಿನಕ್ಕೆ 500 ರೂ. ದೋಣಿ ಹೋದರೂ ನಿಂತರೂ ಈ ಖರ್ಚು ತಪ್ಪದು. ಇಂಧನ ಲೀಟರಿಗೆ 100 ರೂ. ಎಂದು ಹಿಡಿದರೆ 9 ಲೀಟರಿಗೆ 900 ರೂ. ಅಂದರೆ ಮೀನು ಮಾರಿದ ಹಣದಲ್ಲಿ ಮೊದಲ 1,400 ರೂ. ದೋಣಿಗೇ ಸಲ್ಲಬೇಕು. ಸಾಲದ ಬಡ್ಡಿ ಇದಕ್ಕೆ ಹೊರತು. ಉಳಿದುದನ್ನು ಪಾಲು ಹಂಚಬೇಕು. ನಿಮ್ಮ ದಡದಲ್ಲಿ ಒಳ್ಳೆಯ ದಿನದ್ದಲ್ಲ, ಸಾಧಾರಣ ದಿನದ ಹಿಡುವಳಿ ಎಷ್ಟು ಎಂದು ಕೇಳಿ ಈ ಲೆಕ್ಕಕ್ಕೆ ಹೋಲಿಸಿ ನೋಡಿ.

ಈ ಲೆಕ್ಕದಲ್ಲಿ ಹೊಂದದ ದೋಣಿಗಾಗಿ ಗದ್ದೆಯನ್ನಾಗಲಿ ತೋಟವನ್ನಾಗಲಿ ಅಡವಿಡಬೇಡಿ. ಇಬ್ಬರು ಮೂವರು ನೆರೆಯವರು ಸೇರಿ ಒಂದು ದೋಣಿ ಮಾಡಿದರೆ ಬಂಡವಾಳವೂ ಹಂಚಿಹೋಗುತ್ತದೆ, ಎಳೆಯುವ ಕೈಗಳೂ ಸಿಗುತ್ತವೆ. ಪಾಲಿನ ಒಪ್ಪಂದವನ್ನು ಮಾತ್ರ ಮೊದಲೇ ಕಾಗದದಲ್ಲಿ ಬರೆದಿಡಿ.

10. ಕಾಗದಪತ್ರ ಮತ್ತು ಸುರಕ್ಷತೆ

ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ 1986ರಲ್ಲಿ ಜಾರಿಗೆ ಬಂದಿದೆ. ದೋಣಿಯ ನೋಂದಣಿ ಮತ್ತು ಮೀನುಗಾರಿಕೆಯ ಪರವಾನಗಿ ಎರಡನ್ನೂ ಮಾಡಿಸಿಕೊಳ್ಳಿ. ನೋಂದಣಿ ಇಲ್ಲದ ದೋಣಿಗೆ ಸಹಾಯಧನವೂ ವಿಮೆಯೂ ದೊರೆಯುವುದು ಕಷ್ಟ.

ಜನರಿಗೊಂದರಂತೆ ತೇಲುಜಾಕೀಟು, ಲಂಗರು ಮತ್ತು ಉದ್ದ ಹಗ್ಗ, ನೀರು ಚೆಲ್ಲುವ ಬಕೆಟ್, ಟಾರ್ಚು, ಕುಡಿಯುವ ನೀರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೊಬೈಲು, ಇಷ್ಟಿಲ್ಲದೆ ದೋಣಿ ನೀರಿಗಿಳಿಯಬಾರದು. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದ ಎತ್ತರದ ತೆರೆಗಳ ಮುನ್ಸೂಚನೆಯನ್ನೂ ಹೊರಡುವ ಮೊದಲು ನೋಡಿ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಅನೇಕ ಮೀನುಗಾರರು ಕಡಲಿನಲ್ಲಿಯೇ ಸಿಲುಕಿ ಪ್ರಾಣ ಕಳೆದುಕೊಂಡರು. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯನ್ನೂ ಬಡಿಯಿತು. ಆಪತ್ತಿನಲ್ಲಿ ಕೋಸ್ಟ್ ಗಾರ್ಡಿನ 1554 ಸಂಖ್ಯೆಗೆ ಕರೆ ಮಾಡಬಹುದು. ಈ ಸಂಖ್ಯೆಯನ್ನು ದೋಣಿಯ ಒಳಬದಿಯಲ್ಲಿ ಬಣ್ಣದಿಂದ ಬರೆಯಿಸಿ.

ನೆನಪಿಡಬೇಕಾದ ಅಂಶಗಳು

• ಹದಿನೈದು ದಿನ ನಿಮ್ಮ ದಡವನ್ನು ನೋಡಿದ ಮೇಲೆಯೇ ದೋಣಿಯ ಮಾತು.
• ಎಳೆಯಲು ಖಾಯಂ ಕೈಗಳೆಷ್ಟೋ ಅಷ್ಟೇ ಭಾರದ ದೋಣಿ.
• ಬಯಲು ದಡಕ್ಕೆ ಎರಡು ತುದಿ ಚೂಪು, ಹಗುರ ಮೈ.
• ತುಂಬಿದ ದೋಣಿಗೆ 30 ಸೆಂ.ಮೀ. ಅಂಚು, ಫೈಬರ್ ದೋಣಿಗೆ ತೇಲುಜಾಗ.
• ಇಂಜಿನ್ 10 ಅಶ್ವಶಕ್ತಿಯೊಳಗೆ ಸಾಕೇ ಎಂದು ಮೊದಲು ಯೋಚನೆ.
• ಹಳೆಯ ದೋಣಿಯನ್ನು ಮಗುಚಿ ನೋಡದೆ ಮುಂಗಡ ಕೊಡಬೇಡಿ.
• ಗದ್ದೆಯ ಮೇಲೆ ಸಾಲ ತೆಗೆದು ದೋಣಿ ಕೊಳ್ಳಬೇಡಿ.

ದೋಣಿ ಎಷ್ಟು ದೂರ ಹೋಗಬಲ್ಲದು ಎಂದು ನೋಡಿ ಕೊಳ್ಳುವವರೇ ಹೆಚ್ಚು. ಅದು ಎಂತಹ ಸಂಜೆಯಲ್ಲಿ, ಎಷ್ಟು ಜನರಿಂದ, ಮರಳಿ ದಡ ಸೇರಬಲ್ಲದು ಎಂದು ನೋಡಿ ಕೊಳ್ಳಿ. ಹಾಗೆ ಆರಿಸಿದ ಸಣ್ಣ ದೋಣಿ ಮನೆಗೆ ಮೀನನ್ನೂ ತರುತ್ತದೆ, ಗದ್ದೆಯನ್ನೂ ಉಳಿಸುತ್ತದೆ.